ತಲೆಗೊಂದು ಬಾಟಲಿ

ನೀರಿನ ಮೇಲೆ ಹೋಗುವ ವಾಹನ ಎಂದರೆ ನಮ್ಮ ಸೀಮೆಯವರಿಗೆ ಮೊದಲು ನೆನಪಾಗುವುದು ಹರಿಗೋಲು. ಗಳಗನಾಥದಲ್ಲಿ ವರದೆ ಬಂದು ತುಂಗಭದ್ರೆಯನ್ನು ಕೂಡುತ್ತಾಳೆ. ದಂಡೆಯ ಮೇಲೆ ಹನ್ನೊಂದನೆಯ ಶತಮಾನದ ಗಳಗೇಶ್ವರನ ಗುಡಿ. ಅದರ ಬುಡಕ್ಕೆ ಇಳಿಜಾರಾಗಿ ಒತ್ತು ಕೊಟ್ಟ ಕಲ್ಲಿನ ಕಟ್ಟಡವಿದೆ. ಹೊಳೆ ಎಷ್ಟೇ ಉಬ್ಬಿ ಬಂದರೂ ದೇವರು ಜಗ್ಗಬಾರದೆಂದು ಕಟ್ಟಿದವರು ಎಣಿಸಿರಬೇಕು. ಹೊಳೆಯ ಆಚೆ ಹೂವಿನಹಡಗಲಿ ತಾಲ್ಲೂಕು. ನಡುವೆ ನೀರು. ನೀರು ದಾಟಿಸಲು ಹರಿಗೋಲು: ಬಿದಿರಿನ ದಬ್ಬೆ ಹೆಣೆದು, ಹಿಂದಿನವರು ತೊಗಲು ಬಿಗಿದು, ಈಗಿನವರು ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿದು ಮಾಡಿದ ದುಂಡು ದೋಣಿ.

ಅದರಲ್ಲಿ ಏನು ಒಯ್ಯಬಹುದು, ಏನು ಒಯ್ಯಬಾರದು ಎಂಬ ಪಟ್ಟಿಯನ್ನು ಯಾವ ಅಂಬಿಗನೂ ಬರೆದಿಟ್ಟಿಲ್ಲ. ಮೇಕೆ, ಸೈಕಲ್ಲು, ಗೊಬ್ಬರದ ಚೀಲ, ಬೀಗರ ಮನೆಗೆ ಹೊರಟ ಕರಚೀಕಾಯಿ ಡಬ್ಬಿ, ಜೊತೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಅಜ್ಜಿ, ಎಲ್ಲಕ್ಕೂ ಜಾಗವುಂಟು. ನಿಯಮ ಇರುವುದು ಒಂದೇ: ನಡುಹೊಳೆಯಲ್ಲಿ ಎದ್ದು ನಿಲ್ಲಬಾರದು. ಅದನ್ನೂ ಅಂಬಿಗ ಬಾಯಿಮಾತಿನಲ್ಲಿ ಹೇಳುತ್ತಾನೆ, ಅದೂ ಯಾರಾದರೂ ಎದ್ದು ನಿಂತ ಮೇಲೆ.

ಹೀಗೆ ನಿಯಮಗಳ ಅಭ್ಯಾಸವಿಲ್ಲದ ನನ್ನ ಕೈಗೆ ಕಳೆದ ದೀಪಾವಳಿಯಲ್ಲಿ ಒಂದು ವಿಹಾರದ ಹಡಗಿನ ನಿಯಮಾವಳಿ ಬಂತು. ಅಮೆರಿಕದಲ್ಲಿರುವ ನಮ್ಮ ಸೋದರಳಿಯ ಹಬ್ಬಕ್ಕೆ ಬಂದಿದ್ದ. ಡಿಸೆಂಬರಿನಲ್ಲಿ ಹೆಂಡತಿಯೊಡನೆ ಮಯಾಮಿಯಿಂದ ಬಹಾಮಾಸ್ ಕಡೆ ಹಡಗಿನಲ್ಲಿ ಹೋಗುವವನಿದ್ದ. 'ಕ್ರೂಸ್' ಎಂದ. 2024ರ ಜನವರಿಯಲ್ಲಿ ಮೊದಲ ಯಾನ ಹೊರಟ 'ಐಕಾನ್ ಆಫ್ ದ ಸೀಸ್' ಎಂಬ ಹಡಗಿಗೆ ಇಪ್ಪತ್ತು ಅಂತಸ್ತು, 7,600 ಪ್ರಯಾಣಿಕರು ಹಿಡಿಸುತ್ತಾರಂತೆ. ನಮ್ಮೂರವರನ್ನೆಲ್ಲ ಹತ್ತಿಸಿದ ಮೇಲೂ ಪಕ್ಕದ ಗುತ್ತಲದವರಿಗೆ ಒಂದಿಷ್ಟು ಜಾಗ ಉಳಿದೀತು. ಅವನು ಹೋಗುವ ಹಡಗು ಅಷ್ಟು ದೊಡ್ಡದಲ್ಲ. ಆದರೆ ನಿಯಮಗಳಿಗೇನೂ ಕೊರತೆಯಿರಲಿಲ್ಲ. ಇಸ್ತ್ರಿಪೆಟ್ಟಿಗೆ ತರಬಾರದು, ಮೇಣದಬತ್ತಿ ತರಬಾರದು. ಅವೆಲ್ಲ ಸರಿ, ಬೆಂಕಿಯ ಭಯ. ಆಮೇಲೆ ಬಂತು ನೋಡಿ ಊಟ-ಪಾನದ ಕಲಮು.

ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬರೂ ಹಡಗು ಹತ್ತುವ ದಿನ 750 ಮಿಲಿಲೀಟರಿನ ಒಂದು ವೈನ್ ಬಾಟಲಿಯನ್ನು ತಮ್ಮ ಕೈಚೀಲದಲ್ಲಿ ತರಬಹುದು. ವಿಸ್ಕಿ, ರಮ್ಮು, ಬಿಯರು ಕೂಡದು. ತಂದ ವೈನನ್ನು ಊಟದ ಸಭಾಂಗಣದಲ್ಲಿ ಕುಡಿಯುವುದಾದರೆ ಬಾಟಲಿಗೆ 15 ಡಾಲರ್ 'ಕಾರ್ಕೇಜ್'. ಮನೆಯಲ್ಲಿ ಮಾಡಿದ ಯಾವ ತಿಂಡಿಯನ್ನೂ ತರುವಂತಿಲ್ಲ. ಅಂಗಡಿಯಲ್ಲಿ ಕೊಂಡ, ಮೊಹರು ಒಡೆಯದ ಪೊಟ್ಟಣವಾದರೆ ಅಡ್ಡಿಯಿಲ್ಲ.

ಇದನ್ನು ಅವನು ಕನ್ನಡಿಸಿ ಓದುತ್ತಿದ್ದಾಗ ಒಳಗೆ ಶೇಂಗಾ ಹುರಿಯುತ್ತಿದ್ದ ನನ್ನ ಮನೆಯಾಕೆ ಸೌಟು ಹಿಡಿದೇ ಹೊರಗೆ ಬಂದಳು.

"ಏನಂದಿ? ಸೆರೆ ಒಯ್ಯಾಕ ಅಡ್ಡಿಲ್ಲ, ಚಟ್ನಿ ಒಯ್ಯಾಕ ಬರೂದಿಲ್ಲಂದಿ?"

"ಹೂಂ ಅತ್ತಿ. ಮನಿದು ಆದ್ರ ಬ್ಯಾಡಂತ. ಯಾರಿಗರ ಹೊಟ್ಟಿ ಕೆಟ್ರ ಅವರ ಮ್ಯಾಲೆ ಬರತೈತಿ."

"ನನ್ನ ಚಟ್ನಿ ತಿಂದು ಯಾರ ಹೊಟ್ಟಿ ಕೆಟ್ಟೈತಿ? ಕೆಡೂದು ಅವರು ಕುಡಿಯೂದರಿಂದ!"

ಸೌಟು ಒಳಗೆ ಹೋಯಿತು. ಶೇಂಗಾದ ವಾಸನೆ ಮಾತ್ರ ಕೊನೆಯವರೆಗೂ ಮಾತಿನಲ್ಲಿ ಭಾಗವಹಿಸಿತು.

ನನಗೆ ಕುತೂಹಲ ಹತ್ತಿದ್ದು ಬಾಟಲಿಯ ಬಗ್ಗೆ. ಮೈಲಾರದ ಜಾತ್ರೆಗೆ ರೊಟ್ಟಿ ಕಟ್ಟುವುದನ್ನು ನೋಡಿ ಬೆಳೆದವನಿಗೆ ಗಾಜಿನ ಬಾಟಲಿಯನ್ನು ಸಮುದ್ರದ ಮೇಲೆ ಕಟ್ಟಿಕೊಂಡು ಹೋಗುವವರ ಸಂಕಟ ತಿಳಿಯಬೇಕೆನಿಸಿತು. ಅಳಿಯ ಹೇಳಿದ್ದನ್ನು ಕೇಳಿದರೆ ಅದೊಂದು ಶಾಸ್ತ್ರವೇ. ಮೊದಲು ಬಾಟಲಿಗೆ ಉದ್ದನೆಯ ಕಾಲುಚೀಲ ತೊಡಿಸಬೇಕು. ಅದರ ಮೇಲೆ ಟವೆಲು ಸುತ್ತಬೇಕು. ಆಮೇಲೆ ಪೆಟ್ಟಿಗೆಯ ಅಂಚಿಗೆ ಬಾರದಂತೆ ನಡುಮಧ್ಯ, ಮೆತ್ತನೆಯ ಬಟ್ಟೆಗಳ ನಡುವೆ, ಎಣ್ಣೆನೀರು ಹಾಕಿ ಮಲಗಿಸಿದ ಹಸುಗೂಸಿನಂತೆ ಮಲಗಿಸಬೇಕು. ಕೆಂಪು ವೈನು ಇದ್ದರೆ ಸುತ್ತ ಬಿಳಿ ಬಟ್ಟೆ ಇಡಬಾರದು. ಒಡೆದರೆ ಹಡಗಿನ ಔತಣದ ರಾತ್ರಿ ಹೋಳಿಹುಣ್ಣಿಮೆಯ ಅಂಗಿ ತೊಟ್ಟು ಹೋಗಬೇಕಾದೀತು. ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕಿನ ಚೀಲಗಳೂ ಸಿಗುತ್ತವೆ, ಒಡೆದರೂ ಸೋರದಂತೆ ಬಾಯಿ ಮುಚ್ಚಿಕೊಳ್ಳುವಂಥವು.

ಇಷ್ಟಾದರೂ ತೊಂದರೆ ತಪ್ಪಿದ್ದಲ್ಲ. ಬಹಳಷ್ಟು ವಿಮಾನ ನಿಲ್ದಾಣಗಳಲ್ಲಿ ಕೈಚೀಲದೊಳಗೆ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿ ಒಯ್ಯುವಂತಿಲ್ಲ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವರೂಪದ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದ ಕಟ್ಟಳೆ ಅದು. ಹಾಗಾಗಿ ವಿಮಾನದಲ್ಲಿ ಬಾಟಲಿ ದೊಡ್ಡ ಪೆಟ್ಟಿಗೆಯಲ್ಲಿರಬೇಕು. ಹಡಗಿನವರು ಕೈಚೀಲದಲ್ಲೇ ತನ್ನಿ ಎನ್ನುತ್ತಾರೆ, ಪರೀಕ್ಷೆ ಮಾಡುವವರಿಗೆ ಕಣ್ಣಿಗೆ ಬೀಳಲೆಂದು. ವಿಮಾನ ಇಳಿದವರು ಬಂದರಿನ ದಾರಿಯಲ್ಲಿ ಪೆಟ್ಟಿಗೆ ಬಿಚ್ಚಿ, ಟವೆಲು ಬಿಚ್ಚಿ, ಕಾಲುಚೀಲ ಬಿಚ್ಚಿ ಬಾಟಲಿಯನ್ನು ಸ್ಥಳಾಂತರಿಸಬೇಕು. ಜಾಣರು ಬಂದರಿನ ಊರಿನಲ್ಲೇ ಕೊಳ್ಳುತ್ತಾರೆ. ಕೊಂಡವರಿಗೆ ಹಡಗು ಹತ್ತಿದ ಮೇಲೆ ನೆನಪಾಗುತ್ತದೆ, ಬಿರಡೆ ತೆಗೆಯುವ ತಿರುಪು ಇಲ್ಲವೆಂದು. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿಯೇ ಪ್ರಯಾಣಕ್ಕೆ ಲೇಸು ಎಂಬುದು ಅನುಭವಸ್ಥರ ಮಾತು.

ಒಂದೇ ಬಾಟಲಿಗೆ ತೃಪ್ತರಾಗದವರ ವಿದ್ಯೆ ಬೇರೆ. ಬಾಯಿ ಮುಕ್ಕಳಿಸುವ ಔಷಧದ ಬಾಟಲಿ ಖಾಲಿ ಮಾಡಿ, ಅದರಲ್ಲಿ ಬಿಳಿಯ ಮದ್ಯ ಸುರಿದು, ಅಡುಗೆಬಣ್ಣದಿಂದ ಹಸಿರು ಮಾಡಿ ಒಯ್ಯುವವರುಂಟು. ಬಿಸಿಲಿಗೆ ಬಳಿಯುವ ಕ್ರೀಮಿನ ಟ್ಯೂಬಿನಲ್ಲಿ ತುಂಬುವವರುಂಟು. ಇದಕ್ಕೆಂದೇ ಮಡಚಿ ಬಚ್ಚಿಡುವ ಪ್ಲಾಸ್ಟಿಕ್ ಚೀಲಗಳನ್ನು 'ರಮ್ ರನ್ನರ್' ಎಂಬ ಹೆಸರಿನಲ್ಲಿ ರಾಜಾರೋಷವಾಗಿ ಮಾರುತ್ತಾರೆ. ಎಕ್ಸ್-ರೇ ಯಂತ್ರದ ಮುಂದೆ ಕೂತವರಿಗೂ ಇದೆಲ್ಲ ಗೊತ್ತು. ಸಿಕ್ಕಿದ್ದನ್ನು ಕೊನೆಯ ದಿನ ಮರಳಿ ಕೊಡುವ ಹಡಗೂ ಇದೆ, ಚೆಲ್ಲಿಬಿಡುವ ಹಡಗೂ ಇದೆ. ಚಾಪೆಯ ಕೆಳಗೆ ನುಸುಳಿದವನನ್ನು ರಂಗೋಲಿಯ ಕೆಳಗೆ ಹಿಡಿಯುವ ಆಟ.

ಹಡಗಿನವರಿಗೆ ಇಷ್ಟೊಂದು ಬಿಗಿ ಯಾಕೆ? ಲೆಕ್ಕ ಸರಳ. ಟಿಕೀಟಿನ ದುಡ್ಡಿನಲ್ಲಿ ಅವರ ಹೊಟ್ಟೆ ತುಂಬುವುದಿಲ್ಲ. ದೊಡ್ಡ ಕಂಪನಿಗಳ ಆದಾಯದಲ್ಲಿ ಮೂರರಲ್ಲೊಂದು ಪಾಲಿನ ಆಸುಪಾಸು ಬರುವುದು ಹಡಗಿನ ಮೇಲೆ ಜನ ಮಾಡುವ ಖರ್ಚಿನಿಂದ: ಬಾರು, ಜೂಜುಕೋಣೆ, ಅಂಗಡಿ, ಮಾಲೀಸು. ಟಿಕೀಟು ಅಗ್ಗ ಮಾಡಿ ಹತ್ತಿಸಿಕೊಳ್ಳುತ್ತಾರೆ, ಆಮೇಲೆ ಸುತ್ತ ಸಮುದ್ರ; ಇನ್ನೊಂದು ಅಂಗಡಿಗೆ ಹೋಗುತ್ತೇನೆಂದು ಎದ್ದು ನಡೆಯುವಂತಿಲ್ಲ. ಅಂಥಲ್ಲಿ ತಲೆಗೊಂದು ಬಾಟಲಿ ಬಿಡುವುದೇ ಅವರ ದೃಷ್ಟಿಯಲ್ಲಿ ಔದಾರ್ಯ. ಕೋಣೆಯಲ್ಲೇ ಕುಡಿದರೆ ಕೆಲವರು ಏನೂ ಕೇಳುವುದಿಲ್ಲ. ನಾಲ್ಕು ಜನರ ನಡುವೆ ಕುಡಿದರೆ 15–20 ಡಾಲರ್. ಹತ್ತು ಡಾಲರಿನ ಬಾಟಲಿಗೆ ಹದಿನೈದು ಡಾಲರಿನ ಕಾರ್ಕೇಜ್ ತೆತ್ತವನಿಗೆ ಮೂಗಿಗಿಂತ ಮೂಗುತಿ ಭಾರ.

"ಹಂಗಾದ್ರ ಯಾಕ ಒಯ್ಯತಿ? ಅಲ್ಲೇ ಕೊಂಡು ಕುಡಿ" ಎಂದೆ.

"ಅಲ್ಲಿದು ಬ್ಯಾರೆ ಮಾಮಾ. ಇದು ನಮ್ದು" ಎಂದ.

ಆ ಮಾತು ಕೇಳಿ ನನಗೆ ಅವನ ಮೇಲೆ ಗೌರವ ಬಂತು. ಅವನು ಒಯ್ಯಬೇಕೆಂದಿದ್ದುದು ಹಂಪಿ ಹಿಲ್ಸ್ ಹೆಸರಿನಲ್ಲಿ ಕೊಪ್ಪಳದ ಸೀಮೆಯಲ್ಲಿ ಬೆಳೆದ ದ್ರಾಕ್ಷಿಯ ವೈನು. ನಮ್ಮ ಕರ್ನಾಟಕ 2007ರಲ್ಲಿ ವೈನಿಗೆಂದೇ ಒಂದು ನೀತಿ ಮಾಡಿತು, ಮುಂದೆ ಒಂದು ಮಂಡಳಿಯೂ ಆಯಿತು. ನಂದಿಬೆಟ್ಟದ ತಪ್ಪಲಿನ ವೈನು, ವಿಜಯಪುರದ ದ್ರಾಕ್ಷಿ ಎಲ್ಲರಿಗೂ ಗೊತ್ತು. ಹಂಪಿಯ ಕಡೆಯದು ಹೊಸಬರದು. ಗಳಗನಾಥದಲ್ಲಿ ಗುಡಿಯ ಪಾವಟಿಗೆ ತೊಳೆದ ನೀರೇ ಕೆಳಗೆ ಹರಿದು ಹೊಸಪೇಟೆಯ ಅಣೆಕಟ್ಟಿಗೆ ಹೋಗುತ್ತದಾದ್ದರಿಂದ ನನಗೆ ಆ ಸೀಮೆಯ ದ್ರಾಕ್ಷಿಯ ಮೇಲೆ ದೂರದ ಬಳಗದ ಹಕ್ಕು. ಕುಡಿಯದಿದ್ದರೂ ಬಳಗ ಬಳಗವೇ.

ಕುಡಿಯದವನು ವೈನಿನ ಬಗ್ಗೆ ಬರೆಯಬಹುದೆ ಎಂದು ಕೇಳಬೇಡಿ. ಗಳಗನಾಥದ ಗುಡಿಯ ಕಾಲದ ಕಲ್ಯಾಣ ಚಾಲುಕ್ಯರ ವಂಶದಲ್ಲೇ ಮುಂದೆ ಬಂದ ಮೂರನೆಯ ಸೋಮೇಶ್ವರ ರಾಜ್ಯವಾಳುತ್ತಲೇ 'ಮಾನಸೋಲ್ಲಾಸ' ಬರೆದ. ಆನೆ ಪಳಗಿಸುವುದರಿಂದ ಹಿಡಿದು ಅಡುಗೆ, ಪಾನೀಯದವರೆಗೆ ಅದರಲ್ಲಿ ಎಲ್ಲವೂ ಇದೆ. ಬರೆದದ್ದನ್ನೆಲ್ಲ ಅವನು ಸ್ವತಃ ಮಾಡಿರಲಿಕ್ಕಿಲ್ಲ.

ಸಮುದ್ರಕ್ಕೂ ವೈನಿಗೂ ಹಳೆಯ ನಂಟು. ಅಟ್ಲಾಂಟಿಕ್ಕಿನ ಮದೀರಾ ದ್ವೀಪದ ವೈನು ಹಡಗಿನ ತಳದಲ್ಲಿ ಉಷ್ಣವಲಯ ದಾಟಿ ಹೋಗಿ ಬರುವಾಗ ಬಿಸಿಗೆ ಕುದಿದು, ಅಲೆಗೆ ಕುಲುಕಿ, ಕೆಡುವುದರ ಬದಲು ರುಚಿಯಾಯಿತು. ಆಮೇಲೆ ವ್ಯಾಪಾರಿಗಳು ಪೀಪಾಯಿಗಳನ್ನು ಬೇಕೆಂದೇ ಸಮುದ್ರ ಸುತ್ತಿಸಿ ತರತೊಡಗಿದರು. ನಮ್ಮಲ್ಲೂ ಕೆಲವರನ್ನು ಒಂದು ಸಲ ಪರವೂರಿಗೆ ಕಳಿಸಿ ತಂದರೆ ಸರಿಹೋಗುತ್ತಾರೆ ಎಂಬ ನಂಬಿಕೆಯಿದೆ. ಎಲ್ಲರ ವಿಷಯದಲ್ಲೂ ಇದು ನಿಜವಾಗಿಲ್ಲ.

ನಮ್ಮ ಹಿರಿಯರಿಗೆ ಮಾತ್ರ ಬಾಟಲಿ ಒಯ್ಯುವುದು ವಿಹಾರವಾಗಿರಲಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲ ಆಗ ಧಾರವಾಡ ಜಿಲ್ಲೆಯೊಳಗೆ, ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದೊಳಗೆ. ಮುಂಬಯಿಯಲ್ಲಿ 1949ರ ಪಾನನಿರೋಧದ ಕಾಯಿದೆ. ಕುಡಿಯಬೇಕಾದರೆ ಪರವಾನಗಿ ಬೇಕು. ಆ ಕಾಯಿದೆ ಮಹಾರಾಷ್ಟ್ರದಲ್ಲಿ ಇಂದಿಗೂ ಜೀವಂತ; ಪರವಾನಗಿಯನ್ನು ಕೊಡುವುದು 'ಆರೋಗ್ಯದ ರಕ್ಷಣೆ ಮತ್ತು ಪೋಷಣೆ'ಗೆಂದು. ಮುಂಬಯಿ ಬಂದರಿನಿಂದ ಗೋವೆಗೆ ವಿಹಾರದ ಹಡಗು ಹತ್ತುವ ಮಂದಿಯೆಲ್ಲ ಈ ಲೆಕ್ಕದಲ್ಲಿ ಆರೋಗ್ಯದ ಚಿಂತೆಯುಳ್ಳವರೇ.

ಈಗ ನಮ್ಮ ಕಡೆಯ ಕಟ್ಟುವಿಕೆಗೆ ಬರುತ್ತೇನೆ. ಒಡೆಯುವ ವಸ್ತುವನ್ನು ಒಯ್ಯುವುದರಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಕಟಕ್ ರೊಟ್ಟಿ ಗಾಜಿಗಿಂತ ನಾಜೂಕು. ಸಜ್ಜೆಯದೋ ಜೋಳದ್ದೋ ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ಆನಿಸಿ ಗರಿಗರಿ ಒಣಗಿಸಿರುತ್ತಾರೆ. ಒಂದರ ಮೇಲೊಂದು ಜೋಡಿಸಿ, ತೊಳೆದ ಹಳೆಯ ಧೋತರದ ನಡುವೆ ಇಟ್ಟು, ನಾಲ್ಕು ಮೂಲೆಗಳನ್ನು ಎದುರುಬದುರು ಎಳೆದು ಗಂಟು ಹಾಕುತ್ತಾರೆ. ಗಂಟು ಬಿಗಿಯಾದರೆ ರೊಟ್ಟಿ ಚೂರು, ಸಡಿಲಾದರೂ ರೊಟ್ಟಿ ಚೂರು. ಗಂಟಿನ ಮೇಲೆ ಹಸ್ತವಿಟ್ಟು ಒಂದು ಸಲ ಮೆಲ್ಲಗೆ ಅದುಮಿ ನೋಡುತ್ತಾರೆ. ಒಳಗಿನಿಂದ ಒಂದು ಸಣ್ಣ 'ಚಿಟ್' ಕೇಳಿದರೆ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಈ ಗಂಟು ಭಾರತ ಹುಣ್ಣಿಮೆಯಲ್ಲಿ ಚಕ್ಕಡಿಯ ಮೇಲೆ ಕುಲುಕಿ, ಹೊಳೆ ದಾಟಿ, ಮೈಲಾರದ ಕಾರ್ಣಿಕ ಕೇಳಿ, ಬಿಚ್ಚಿದಾಗ ರೊಟ್ಟಿ ಚಂದ್ರನಂತಲ್ಲದಿದ್ದರೂ ಅಷ್ಟಮಿಯ ಮಟ್ಟಿಗಾದರೂ ಉಳಿದಿರುತ್ತದೆ. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಹಿಂಡಿ, ಕೆಂಪು ಖಾರ.

ಖಾರ ಎಂದರೆ ಬ್ಯಾಡಗಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು. ಮೈತುಂಬ ನೆರಿಗೆ, ಡಬ್ಬಿ ದಪ್ಪ ಗಿಡ್ಡ, ಕಡ್ಡಿ ಉದ್ದ ತೆಳು. ಬ್ಯಾಡಗಿಯ ಮಾರುಕಟ್ಟೆಗೆ ಹೊಸಬರು ಕಾಲಿಟ್ಟರೆ ಮೊದಲು ಮಾತನಾಡುವುದು ಅವರ ಮೂಗು. ಈ ಕಾಯಿಯಿಂದ ತೆಗೆದ ಬಣ್ಣದ ಸತ್ವ ತುಟಿಗೆ ಬಳಿಯುವ ಬಣ್ಣಕ್ಕೂ ಉಗುರಿನ ಬಣ್ಣಕ್ಕೂ ಹೋಗುತ್ತದೆ. ಹಾಗಾಗಿ ಹಡಗಿನ ಬಾಗಿಲಲ್ಲಿ ನಮ್ಮವರ ಚಟ್ನಿಪುಡಿಯನ್ನು ತಡೆದು ನಿಲ್ಲಿಸಿದ ಹೊತ್ತಿಗೇ, ಪಕ್ಕದ ಸಾಲಿನ ಯಾವುದೋ ಮೇಡಮ್ಮಿನ ತುಟಿಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಆರಾಮಾಗಿ ಹಡಗು ಹತ್ತಿರಬಹುದು.

ಗಂಟಿನ ಮಾತು ಬಂದಾಗ ನಮ್ಮೂರಿನ ದೊಡ್ಡ ಗಂಟನ್ನು ಮರೆಯಬಾರದು. ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರನ್ನೇ ತಮ್ಮದು ಮಾಡಿಕೊಂಡು 'ಗಳಗನಾಥ'ರಾದವರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. 'ಮಾಧವ ಕರುಣಾ ವಿಲಾಸ'ದಂಥ ಕಾದಂಬರಿ ಬರೆದರು, ಅಗಡಿಯ ಆನಂದವನದಿಂದ ಬರುತ್ತಿದ್ದ 'ಸದ್ಬೋಧ ಚಂದ್ರಿಕೆ'ಗೆ ದುಡಿದರು. ಓದುವವರು ಪುಸ್ತಕದ ಬಳಿಗೆ ಬಾರದಿದ್ದ ಕಾಲದಲ್ಲಿ ಪುಸ್ತಕದ ಹೊರೆ ಹೊತ್ತು ಊರೂರು ನಡೆದು ಮಾರಿದರು. ತನ್ನದನ್ನು ತಾನೇ ಹೊತ್ತು ಪರರ ಬಾಗಿಲಿಗೆ ಹೋಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂಬುದನ್ನು ಅವರಿಗಿಂತ ಚೆನ್ನಾಗಿ ತೋರಿಸಿದವರಿಲ್ಲ. ಅವರು ಹೊತ್ತದ್ದು ತಾವೊಬ್ಬರೇ ಸವಿಯಲಿಕ್ಕಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಯಾಕೆಂದರೆ ನಮ್ಮಲ್ಲೂ ಕಾರ್ಕೇಜ್ ಇದೆ. ರೈಲಿನಲ್ಲಿ ನೋಡಿ. ಹಾವೇರಿಯಲ್ಲಿ ಹತ್ತಿದವರು ಬ್ಯಾಡಗಿ, ರಾಣೆಬೆನ್ನೂರು ದಾಟುವವರೆಗೆ ಎದುರಿನವರ ಮುಖ ನೋಡುವುದಿಲ್ಲ. ಹರಿಹರದ ಸೇತುವೆ ಬರುವಷ್ಟರಲ್ಲಿ ಹಸಿವಾಗಿ ಗಂಟು ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಒಬ್ಬರೇ ತಿನ್ನುವಂತಿಲ್ಲ. "ತಗೋರಿ, ಒಂದು ತುಣುಕರ ತಗೋರಿ" ಎನ್ನಲೇಬೇಕು. ಎದುರಿನವರು "ಬ್ಯಾಡ್ರಿ, ಈಗರ ಉಂಡು ಬಂದೀವಿ" ಎನ್ನಲೇಬೇಕು. ಎರಡನೆಯ ಸಲವೂ ಬೇಡವೆನ್ನಬೇಕು. ಮೂರನೆಯ ಸಲ ಕೈ ಮುಂದೆ ಬರುತ್ತದೆ. ದಾವಣಗೆರೆ ಬರುವ ಹೊತ್ತಿಗೆ ಅವರ ಚೀಲದಿಂದ ಚುರುಮುರಿ, ಇವರ ಗಂಟಿನಿಂದ ರೊಟ್ಟಿ, ಮೇಲಿನ ಬರ್ತಿನಲ್ಲಿ ಮಲಗಿದವನಿಗೂ ಒಂದು ಬಾಳೆಹಣ್ಣು. ಎಳ್ಳಮಾವಾಸ್ಯೆಯಲ್ಲಂತೂ ಹೊಲಕ್ಕೆ ಬುತ್ತಿ ಒಯ್ದವರು ಮೊದಲು ಭೂಮಿಗೆ ಚರಗ ಚೆಲ್ಲಿ ಆಮೇಲೆ ತಾವು ಉಣ್ಣುತ್ತಾರೆ. ಪರರ ಜಾಗದಲ್ಲಿ ಕೂತು ನಮ್ಮದನ್ನು ನಾವು ತಿನ್ನುವುದಕ್ಕೆ ಒಂದು ಸುಂಕವಿದೆ, ಅದನ್ನು ಪಕ್ಕದವರಿಗೆ ಕಟ್ಟಬೇಕು. ಹಡಗಿನವರು ಅದೇ ಸುಂಕವನ್ನು ತಾವು ಇಸಿದುಕೊಂಡು ಡಾಲರಿನಲ್ಲಿ ರಸೀದಿ ಕೊಡುತ್ತಾರೆ. ರಸೀದಿ ಸಿಕ್ಕವನಿಗೆ ಪಕ್ಕದವನ ಕಡೆ ನೋಡುವ ಹಂಗಿಲ್ಲ.

ಅಳಿಯನ ಪೆಟ್ಟಿಗೆ ಕಟ್ಟುವ ಕೆಲಸವನ್ನು ಕೊನೆಗೆ ಮನೆಯಾಕೆಯೇ ವಹಿಸಿಕೊಂಡಳು. ಬಾಟಲಿಗೆ ಕಾಲುಚೀಲ ತೊಡಿಸಿದ್ದನ್ನು ನೋಡಿ "ಕಾಲಿಗೆ ಹಾಕೂದು ಬಾಯಿಗೆ ಹೋಗೂದಕ್ಕ ಹಾಕ್ತಾರೇನು?" ಎಂದು ಕಿತ್ತೆಸೆದು, ತನ್ನ ಹಳೆಯ ಇಳಕಲ್ ಸೀರೆಯ ತುಂಡು ಸುತ್ತಿದಳು. ಸೆರೆಯೆಂದು ಬೈದ ಬಾಯಿ ಬೈಯುತ್ತಲೇ ಇತ್ತು, ಕೈ ಮಾತ್ರ ರೊಟ್ಟಿ ಕಟ್ಟಿದ ಕೈ. ಕಟ್ಟಿದ ಮೇಲೆ ಹಸ್ತವಿಟ್ಟು ಒಮ್ಮೆ ಅದುಮಿಯೂ ನೋಡಿದಳು. ಚಟ್ನಿಯ ವಿಷಯದಲ್ಲಿ ಕಾಯಿದೆಯನ್ನು ಕಾಯಿದೆಯಿಂದಲೇ ಎದುರಿಸಲಾಯಿತು. ಹಾವೇರಿಯ ಅಂಗಡಿಯೊಂದರಿಂದ ಲೇಬಲ್ಲು, ತಾರೀಖು, ಮೊಹರು ಎಲ್ಲ ಇದ್ದ ಶೇಂಗಾ ಚಟ್ನಿಯ ಪೊಟ್ಟಣ ತರಿಸಿದಳು. "ನನ್ನಷ್ಟು ರುಚಿ ಇರೂದಿಲ್ಲ, ಆದ್ರ ಅವರ ಹೊಟ್ಟಿಗೆ ಅಷ್ಟು ಸಾಕು" ಎಂದಳು. ಮನೆಯ ಚಟ್ನಿ ಅಮೆರಿಕದ ಮನೆಯವರೆಗೆ ಹೋಗಲಿ, ಅಂಗಡಿಯದು ಹಡಗು ಹತ್ತಲಿ ಎಂದು ತೀರ್ಮಾನವಾಯಿತು.

ಜನವರಿಯಲ್ಲಿ ಅವನ ಫೋನು ಬಂತು. ವೈನಿನ ಬಾಟಲಿ ಬಹಾಮಾಸ್‌ವರೆಗೆ ಒಡೆಯದೆ ಹೋಗಿತ್ತು. ಸಭಾಂಗಣದಲ್ಲಿ ಬಿರಡೆ ತೆಗೆಸಿದ್ದ. ಚಟ್ನಿಯ ಪೊಟ್ಟಣ ಮೇಜಿನ ಮೇಲೆ ಬಿಚ್ಚಿ ಬ್ರೆಡ್ಡಿಗೆ ಹಚ್ಚಿಕೊಂಡಿದ್ದ. ಪಕ್ಕದಲ್ಲಿ ಟೆಕ್ಸಾಸಿನ ವಯಸ್ಸಾದ ದಂಪತಿಗಳು ಕೂತಿದ್ದರಂತೆ.

ಮನೆಯಾಕೆ ಫೋನು ಕಸಿದುಕೊಂಡಳು. "ಬಿಚ್ಚಿದ ಮ್ಯಾಲೆ ಬಾಜೂದವರಿಗೆ ಕೊಟ್ಟ್ಯೋ ಇಲ್ಲೋ?"

"ಹದಿನೈದು ಡಾಲರ್ ಕಾರ್ಕೇಜ್ ಕೊಟ್ಟೀನಿ ಅತ್ತಿ."

"ಅದು ಹಡಗಿನವರಿಗೆ ಕೊಟ್ಟಿ. ಬಾಜೂದವರಿಗೆ?"

ಆಚೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನು, ಚಟ್ನಿ ಕೊಟ್ಟೆನೆಂದೂ, ಅವರು ಮೂರನೆಯ ಸಲದವರೆಗೆ ಕಾಯದೆ ಮೊದಲ ಸಲವೇ ಕೈ ಚಾಚಿದರೆಂದೂ, ಬದಲಿಗೆ ತಮ್ಮ ಬಾಟಲಿಯಿಂದ ಇವನ ಲೋಟಕ್ಕೆ ಸುರಿದರೆಂದೂ ವರದಿ ಒಪ್ಪಿಸಿದ. ಅವರೂ ಆ ಬಾಟಲಿಗೆ ಹದಿನೈದು ಡಾಲರ್ ತೆತ್ತವರೇ.

"ಮತ್ತ ಹಡಗಿನವರು ರೊಕ್ಕ ಇಸ್ಗೊಂಡಿದ್ದು ಎದಕ್ಕ?" ಎಂದು ಅವಳು ನನ್ನನ್ನು ಕೇಳಿದಳು. ಹಡಗಿನ ಲೆಕ್ಕಪತ್ರ ನನಗೇನು ಗೊತ್ತು. ಬಿರಡೆ ತೆಗೆದ ಕೂಲಿ ಇರಬೇಕು ಎಂದೆ. ಹಾಗಾದರೆ ತಾನು ಇಷ್ಟು ವರ್ಷ ಬಿಚ್ಚಿದ ಉಪ್ಪಿನಕಾಯಿ ಭರಣಿಗಳ ಬಾಕಿ ಎಷ್ಟಾಯಿತೆಂದು ಅವಳು ಲೆಕ್ಕ ಹಾಕತೊಡಗಿದಳು.